ವಾರ್ಡಿನಲ್ಲಿ ನೊರೊವೈರಸ್: ಎರಡನೇ ವಾಂತಿಯಿಂದ ಪಟ್ಟಿ ಮುಚ್ಚುವವರೆಗೆ

ಮೆಡಿಕಲ್ ವಾರ್ಡಿನಲ್ಲಿ ಇದ್ದಕ್ಕಿದ್ದಂತೆ ನಾಲ್ಕೈದು ಜನಕ್ಕೆ ವಾಂತಿ-ಭೇದಿ ಶುರುವಾದರೆ ಮೊದಲು ಏನು ಮಾಡುತ್ತೀರಿ? ಹೊಸ ಸಿಸ್ಟರ್‌ಗಳನ್ನು ಕೇಳಿದಾಗ ಹೆಚ್ಚಾಗಿ ಬರುವ ಉತ್ತರ ಒಂದೇ: "ಸ್ಟೂಲ್ ಲ್ಯಾಬಿಗೆ ಕಳಿಸ್ತೀವಿ, ರಿಪೋರ್ಟ್ ಬರಲಿ ಅಂತ ಕಾಯ್ತೀವಿ." ರಿಪೋರ್ಟ್ ಬರುವ ಹೊತ್ತಿಗೆ ಪಕ್ಕದ ವಾರ್ಡಿಗೂ ಹಬ್ಬಿರುತ್ತದೆ. ಸ್ಯಾಂಪಲ್ ಕಳಿಸಬೇಕು, ಸರಿ. ಆದರೆ ಕಾಯಬಾರದು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕಾಯಿಲೆಯಾದವರ ಪಟ್ಟಿ ಮಾಡುವಾಗ ಕೇಸ್ ಶೀಟ್ ಇರುವವರನ್ನು ಮಾತ್ರ ಬರೆಯುತ್ತೇವೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಒಬ್ಬರಾದರೂ ಇರುತ್ತಾರೆ ಅಲ್ವಾ? ಅವರು ಮಂಚದ ಪಕ್ಕ ಚಾಪೆ ಹಾಸಿ ಮಲಗುತ್ತಾರೆ, ಬೆಡ್‌ಪ್ಯಾನ್ ಎತ್ತುತ್ತಾರೆ, ಅದೇ ಕೈಯಲ್ಲಿ ಪಕ್ಕದ ಬೆಡ್ಡಿನ ಅಜ್ಜಿಗೂ ನೀರು ಕುಡಿಸುತ್ತಾರೆ. ಅವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ತಾಲ್ಲೂಕು ಅಥವಾ ಜಿಲ್ಲಾ ಮಟ್ಟದ ಆಸ್ಪತ್ರೆಯ ವಾರ್ಡ್ ಇನ್‌ಚಾರ್ಜ್‌ಗಳನ್ನು, ಇನ್‌ಫೆಕ್ಷನ್ ಕಂಟ್ರೋಲ್ ನೋಡುವ ಸಿಸ್ಟರ್‌ಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಹಂತಗಳ ಕ್ರಮ ತಪ್ಪಿಸಬೇಡಿ. ಹಂತ 7 ಮಾತ್ರ ಹಂತ 2ರ ಜೊತೆಗೇ ಶುರುವಾಗಬೇಕು.

## ಮೊದಲು ಕೈಯಲ್ಲಿರಬೇಕಾದ್ದು

ದೊಡ್ಡ ಸಾಮಾನೇನೂ ಬೇಡ. ಗೆರೆ ಹಾಕಿದ ಒಂದು ನೋಟ್‌ಬುಕ್, ಪೆನ್ಸಿಲ್, ವಾರ್ಡಿನ ಬೆಡ್ ನಕ್ಷೆಯ ಎರಡು ಜೆರಾಕ್ಸ್, ಹಿಂದಿನ ಮೂರು ದಿನದ ಡ್ಯೂಟಿ ರೋಸ್ಟರ್, ಅಡುಗೆಮನೆಯಿಂದ ಯಾವ ಹೊತ್ತಿಗೆ ಏನು ಊಟ ಬಂತು ಎಂಬ ಪಟ್ಟಿ. ಮುಚ್ಚಳ ಬಿಗಿಯಾಗಿ ಕೂರುವ ಸ್ಯಾಂಪಲ್ ಡಬ್ಬಿ ಹತ್ತು, ಕ್ಯಾರಿ-ಬ್ಲೇರ್ ಟ್ಯೂಬ್ (ಕಲ್ಚರಿಗೆ ಮಲದ ಸ್ಯಾಂಪಲ್ ಕೆಡದಂತೆ ಕಳಿಸುವ ಟ್ಯೂಬ್) ಐದಾರು, ಐಸ್ ಪ್ಯಾಕ್ ಇರುವ ಕ್ಯಾರಿಯರ್ ಒಂದು. ಲಸಿಕೆಗೆ ಬಳಸುವ ಕ್ಯಾರಿಯರ್ ತರಬೇಡಿ, ಇದಕ್ಕೆಂದೇ ಬೇರೆ ಇರಲಿ. ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಎಂದರೆ ಬ್ಲೀಚ್ ದ್ರಾವಣ), ಅಳತೆಯ ಮಗ್ಗು, ಕೈಗವಸು, ಮಾಸ್ಕ್, ಪ್ಲಾಸ್ಟಿಕ್ ಏಪ್ರನ್. ಎಲ್ಲಕ್ಕಿಂತ ಮುಖ್ಯವಾಗಿ ಸಿಂಕಿನ ಹತ್ತಿರ ಸೋಪು. ಈಗಲೇ ಎದ್ದು ಹೋಗಿ ನೋಡಿ, ಇದೆಯಾ ಇಲ್ವಾ ಅಂತ.

ಹೀಗೆ ವಾಂತಿ-ಭೇದಿ ಹಬ್ಬಿಸುವ ನೊರೊವೈರಸ್ಸಿನ ಬಗ್ಗೆ ನಾಲ್ಕು ಅಂಕಿ ತಲೆಯಲ್ಲಿರಲಿ. ಮೈಗೆ ಸೇರಿದ 12ರಿಂದ 48 ಗಂಟೆಯೊಳಗೆ ಲಕ್ಷಣ ಕಾಣಿಸುತ್ತದೆ. 1ರಿಂದ 3 ದಿನದಲ್ಲಿ ಸಾಮಾನ್ಯವಾಗಿ ವಾಸಿಯಾಗುತ್ತದೆ. ಕಾಯಿಲೆ ಅಂಟಲು 100ಕ್ಕಿಂತ ಕಡಿಮೆ ವೈರಸ್ ಕಣ ಸಾಕು. ಲಕ್ಷಣ ನಿಂತ ಮೇಲೂ ಎರಡು ವಾರ, ಕೆಲವರಲ್ಲಿ ಅದಕ್ಕೂ ಜಾಸ್ತಿ ದಿನ, ಮಲದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ. ಮುಂದೆ ಬರುವ ಗಂಟೆ-ದಿನಗಳ ಲೆಕ್ಕವೆಲ್ಲ ಇವುಗಳ ಮೇಲೆಯೇ ನಿಂತಿದೆ.

## ಹಂತ 1: ಯಾರನ್ನು ಎಣಿಸಬೇಕು ಎಂದು ಬರೆದಿಡಿ

ಲೂಸ್ ಮೋಷನ್ ಆದವರನ್ನೆಲ್ಲ ಪಟ್ಟಿಗೆ ಸೇರಿಸಿದರೆ ಪಟ್ಟಿ ಕೆಡುತ್ತದೆ. ಲಿವರ್ ರೋಗಿಗೆ ಲ್ಯಾಕ್ಟುಲೋಸ್ ಕೊಡುವುದೇ ಮೋಷನ್ ಆಗಲಿ ಅಂತ. ಟ್ಯೂಬಿನಲ್ಲಿ ಆಹಾರ ಹೋಗುತ್ತಿರುವವರಿಗೆ, ಆಂಟಿಬಯಾಟಿಕ್ ನಡೆಯುತ್ತಿರುವವರಿಗೆ ಹೊಟ್ಟೆ ಸಡಿಲ ಆಗುವುದು ಮಾಮೂಲಿ. ಆಪರೇಷನ್ ಆದ ದಿನದ ವಾಂತಿಯೂ ಅಷ್ಟೆ.

ಅದಕ್ಕೇ ಒಂದು ಅಳತೆಗೋಲು ಬೇಕು. ನಾವು ಬಳಸುವುದು ಇದು: 24 ಗಂಟೆಯಲ್ಲಿ 3 ಅಥವಾ ಜಾಸ್ತಿ ಸಲ ನೀರು ಭೇದಿ, ಇಲ್ಲವೇ 2 ಅಥವಾ ಜಾಸ್ತಿ ಸಲ ವಾಂತಿ, ಮತ್ತು ಅದಕ್ಕೆ ಔಷಧಿ, ಆಪರೇಷನ್ ಮುಂತಾದ ಬೇರೆ ಕಾರಣ ಕಾಣದಿರುವುದು. ಈ ವಾಕ್ಯವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ. ಹಗಲು ಡ್ಯೂಟಿಯವರು ಒಂದು ಲೆಕ್ಕ, ರಾತ್ರಿ ಡ್ಯೂಟಿಯವರು ಇನ್ನೊಂದು ಲೆಕ್ಕ ಹಿಡಿದರೆ ಮೂರನೇ ದಿನಕ್ಕೆ ಆ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ.

ಅನುಮಾನ ಇರುವವರನ್ನು ಬಿಡಬೇಡಿ. ಅವರ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿ. ಆಮೇಲೆ ತೆಗೆದುಹಾಕುವುದು ಸುಲಭ, ನೆನಪು ಮಾಡಿಕೊಂಡು ಸೇರಿಸುವುದು ಕಷ್ಟ.

## ಹಂತ 2: ಎರಡನೆಯವರಿಗೇ ಗಂಟೆ ಬಾರಿಸಿ

ಒಬ್ಬರಿಗೆ ವಾಂತಿಯಾದರೆ ಅದು ಒಂದು ಕೇಸ್. ಅದೇ ವಾರ್ಡಿನಲ್ಲಿ 48 ಗಂಟೆಯೊಳಗೆ ಎರಡನೆಯವರಿಗೂ ಆದರೆ ಔಟ್‌ಬ್ರೇಕ್ (ಕಾಯಿಲೆ ಹಬ್ಬುತ್ತಿದೆ) ಎಂದೇ ಹಿಡಿದು ಕೆಲಸ ಶುರು ಮಾಡಿ. ಆ ಎರಡನೆಯವರು ರೋಗಿಯೇ ಆಗಿರಬೇಕಿಲ್ಲ. ಆಯಾ ಆಗಿರಬಹುದು, ಊಟದ ಗಾಡಿ ತಳ್ಳುವವರು ಆಗಿರಬಹುದು, ಹೌಸ್ ಸರ್ಜನ್ನೂ ಆಗಿರಬಹುದು.

ಫೋನ್ ಮಾಡುವ ಕ್ರಮ: ಡ್ಯೂಟಿ ಡಾಕ್ಟರ್, ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್, ನರ್ಸಿಂಗ್ ಸೂಪರಿಂಟೆಂಡೆಂಟ್. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ ಬೈತಾರೆ ಅಂತ ಬೆಳಗ್ಗೆಯವರೆಗೆ ತಡೆಯುವ ಅಭ್ಯಾಸ ನಮ್ಮಲ್ಲಿದೆ. ನಾನೂ ಹಾಗೆ ತಡೆದಿದ್ದೇನೆ, ಬೆಳಗ್ಗೆ ಅದಕ್ಕೂ ಬೈಸಿಕೊಂಡಿದ್ದೇನೆ. ಎರಡು ಬೈಗುಳದಲ್ಲಿ ರಾತ್ರಿಯದೇ ಸಣ್ಣದು.

ಎಚ್ಚರಿಕೆಯ ಗುರುತುಗಳೂ ಇವೆ. ಒಬ್ಬರು ಜನರ ಮಧ್ಯೆ, ಎಂದರೆ ಟಿವಿ ಮುಂದೆಯೋ ಊಟದ ಹೊತ್ತಿಗೋ, ಬಾಯಿಂದ ಚಿಮ್ಮುವ ಹಾಗೆ ವಾಂತಿ ಮಾಡಿಕೊಂಡರೆ ಅವತ್ತಿನಿಂದ 48 ಗಂಟೆ ಕಣ್ಣಿಟ್ಟಿರಿ. ಸಣ್ಣ ಹನಿಗಳು ಗಾಳಿಯಲ್ಲಿ ಹಾರಿ ಸುತ್ತಲಿನವರಿಗೂ ಮಂಚ-ಮೇಜಿಗೂ ತಗಲಿರುತ್ತವೆ. ಒಂದೇ ದಿನ ಇಬ್ಬರು ಗ್ರೂಪ್ ಡಿಯವರು ಹೊಟ್ಟೆನೋವು ಅಂತ ರಜೆ ಕೇಳಿದರೂ ಅಷ್ಟೇ ಗಂಭೀರ.

## ಹಂತ 3: ಲೈನ್ ಲಿಸ್ಟ್

ಲೈನ್ ಲಿಸ್ಟ್ ಎಂದರೆ ಕಾಯಿಲೆಯಾದವರ ಪಟ್ಟಿ. ಇಡೀ ಕೆಲಸದ ಬೆನ್ನೆಲುಬು ಇದು, ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಒಬ್ಬರಿಗೆ ಒಂದು ಸಾಲು. ಕಾಲಂಗಳು: ಕ್ರಮ ಸಂಖ್ಯೆ, ಹೆಸರು, ವಯಸ್ಸು, ಯಾರು (ರೋಗಿ, ಜೊತೆಗಿರುವವರು, ಸಿಬ್ಬಂದಿ), ಬೆಡ್ ನಂಬರ್, ವಾರ್ಡಿಗೆ ಬಂದ ದಿನ, ಲಕ್ಷಣ ಶುರುವಾದ ದಿನ ಮತ್ತು ಗಂಟೆ, ವಾಂತಿ, ಭೇದಿ, ಜ್ವರ, ಮಲದಲ್ಲಿ ರಕ್ತ, ಹಿಂದಿನ ಎರಡು ದಿನದಲ್ಲಿ ತಿಂದದ್ದು, ಸ್ಯಾಂಪಲ್ ತೆಗೆದ ದಿನ, ಲಕ್ಷಣ ನಿಂತ ದಿನ ಮತ್ತು ಗಂಟೆ, ಈಗ ಎಲ್ಲಿದ್ದಾರೆ.

ಜಾಸ್ತಿ ತಪ್ಪಾಗುವುದು "ಶುರುವಾದ ಗಂಟೆ" ಕಾಲಂನಲ್ಲಿ. ಸಿಸ್ಟರ್‌ಗೆ ಹೇಳಿದ ಗಂಟೆಯನ್ನೋ ರೌಂಡ್ಸಿನಲ್ಲಿ ಡಾಕ್ಟರ್ ಬರೆದ ಗಂಟೆಯನ್ನೋ ಅಲ್ಲಿ ಇಳಿಸಿಬಿಡುತ್ತಾರೆ. ಹಾಗೆ ಮಾಡಿದರೆ ಎಲ್ಲರಿಗೂ ಬೆಳಗ್ಗೆ ಒಂಬತ್ತಕ್ಕೇ ಕಾಯಿಲೆ ಶುರುವಾದ ಹಾಗೆ ಕಾಣುತ್ತದೆ! ಕೇಳುವ ರೀತಿ ಬದಲಿಸಿ. "ಎಷ್ಟು ಗಂಟೆಗೆ ಶುರುವಾಯ್ತು?" ಅಂದರೆ ಅಜ್ಜಿಗೆ ಗೊತ್ತಾಗುವುದಿಲ್ಲ. "ರಾತ್ರಿ ಊಟ ಬರೋ ಮುಂಚೆನಾ, ಆಮೇಲಾ ಅಜ್ಜಿ? ಲೈಟ್ ಆರಿಸಿದ್ರಾ ಆಗ?" ಅಂದರೆ ಸರಿಯಾಗಿ ಹೇಳುತ್ತಾರೆ.

ಇನ್ನು ಜೊತೆಗಿರುವವರ ವಿಷಯ. ನಮ್ಮ ಹೆಂಗಸರ ವಾರ್ಡಿನಲ್ಲಿ ಒಮ್ಮೆ ಕಾಯಿಲೆ ಬೆಡ್ 3ರಿಂದ ನೇರ ಬೆಡ್ 17ಕ್ಕೆ ಹಾರಿತು. ಎರಡೂ ಹಾಲಿನ ಎರಡು ತುದಿ. ನಡುವಿನ ಬೆಡ್‌ಗಳಲ್ಲಿ ಯಾರಿಗೂ ಏನೂ ಇಲ್ಲ. ನೀರು ನೋಡಿದೆವು, ಊಟ ನೋಡಿದೆವು, ಸಿಗಲಿಲ್ಲ. ಎರಡು ದಿನ ಆದಮೇಲೆ 17ರ ತಾಯಿ ಮಾತಿಗೆ ಹೇಳಿದರು: "ಮೂರನೇ ಬೆಡ್ಡಿನ ಅತ್ತೆಯ ಸೊಸೆ ನಮ್ಮೂರ ಕಡೆಯವಳೇ ಸಿಸ್ಟರ್. ಒಂದೇ ಫ್ಲಾಸ್ಕಲ್ಲಿ ಕಾಫಿ ತರ್ತಿದ್ವಿ." ಆ ಸೊಸೆಗೆ ಎಲ್ಲರಿಗಿಂತ ಮೊದಲೇ ವಾಂತಿಯಾಗಿತ್ತು. ಹೊರಗಡೆ ಮೆಟ್ಟಿಲ ಹತ್ತಿರ ಕೂತು ಸುಧಾರಿಸಿಕೊಂಡು ಮತ್ತೆ ಒಳಗೆ ಬಂದಿದ್ದಳು. ಕೇಸ್ ಶೀಟ್ ಇಲ್ಲದ್ದರಿಂದ ಅವಳನ್ನು ಯಾರೂ ಕೇಳಿರಲಿಲ್ಲ.

ಆವತ್ತಿನಿಂದ ನಮ್ಮ ಲೈನ್ ಲಿಸ್ಟಿನಲ್ಲಿ ಪ್ರತಿ ಬೆಡ್ಡಿಗೂ ಎರಡು ಸಾಲು ಇರುತ್ತದೆ. ಒಂದು ಮಂಚದ ಮೇಲಿರುವವರಿಗೆ, ಇನ್ನೊಂದು ಕೆಳಗಿರುವವರಿಗೆ. ಜೊತೆಯವರು ಬದಲಾದರೆ ಹೊಸ ಸಾಲು.

ಸಿಬ್ಬಂದಿಯನ್ನು ಕೇಳುವಾಗ ಇನ್ನೂ ನಾಜೂಕು ಬೇಕು. ದಿನಗೂಲಿ ಅಥವಾ ಗುತ್ತಿಗೆಯವರಿಗೆ ರಜೆ ಅಂದರೆ ಸಂಬಳ ಕಟ್. ಹಾಗಾಗಿ ಹೊಟ್ಟೆ ಕೆಟ್ಟಿದ್ದರೂ ಬಾಯಿ ಬಿಡುವುದಿಲ್ಲ. ಮೊದಲು ಸೂಪರಿಂಟೆಂಡೆಂಟ್ ಹತ್ತಿರ ಮಾತಾಡಿ, ಈ ದಿನಗಳನ್ನು ಹಾಜರಿ ಎಂದು ಹಿಡಿಯುವ ಒಪ್ಪಿಗೆ ತಗೊಳ್ಳಿ. ಆಮೇಲೆ ಹೋಗಿ ಕೇಳಿ. ಆ ಒಪ್ಪಿಗೆ ಇಲ್ಲದೆ ಮಾಡಿದ ಸಿಬ್ಬಂದಿ ಪಟ್ಟಿಯನ್ನು ನಾನಂತೂ ನಂಬುವುದಿಲ್ಲ.

## ಹಂತ 4: ನಕ್ಷೆ ಮತ್ತು ಗ್ರಾಫ್

ಬೆಡ್ ನಕ್ಷೆಯಲ್ಲಿ ಕಾಯಿಲೆಯಾದ ಬೆಡ್ಡಿಗೆ ಗುರುತು ಹಾಕಿ, ಪಕ್ಕದಲ್ಲಿ ಶುರುವಾದ ದಿನ-ಗಂಟೆ ಬರೆಯಿರಿ. ಪೆನ್ಸಿಲ್ಲಿನಲ್ಲಿ, ಯಾಕೆಂದರೆ ತಿದ್ದುವುದು ಇದ್ದೇ ಇರುತ್ತದೆ. ಟಾಯ್ಲೆಟ್, ಸಿಂಕ್, ಕುಡಿಯುವ ನೀರಿನ ಡ್ರಮ್ ಇರುವ ಜಾಗವನ್ನೂ ಗುರುತಿಸಿ. ಒಂದೇ ಟಾಯ್ಲೆಟ್ ಬಳಸುವ ಬೆಡ್‌ಗಳಲ್ಲೇ ಗುರುತುಗಳು ಸೇರಿಕೊಂಡಿವೆಯಾ ಎಂದು ನೋಡಿ.

ಇನ್ನೊಂದು ಹಾಳೆಯಲ್ಲಿ ಗ್ರಾಫ್. ಕೆಳಗಿನ ಗೆರೆಯನ್ನು 6 ಗಂಟೆಯ ತುಂಡುಗಳಾಗಿ ಮಾಡಿ. ಒಬ್ಬರಿಗೆ ಒಂದು ಚೌಕ. ಶುರುವಾದ ಗಂಟೆಯ ಮೇಲೆ ಒಂದರ ಮೇಲೊಂದು ಪೇರಿಸುತ್ತಾ ಹೋಗಿ. ಕಂಪ್ಯೂಟರ್ ಬೇಡ, ಚೌಕಳಿ ಹಾಳೆ ಸಾಕು.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಸೋಮವಾರ ರಾತ್ರಿ 11ಕ್ಕೆ ಒಬ್ಬರು. ಬುಧವಾರ ಬೆಳಗ್ಗೆ 6ರಿಂದ 12ರೊಳಗೆ ಮೂವರು. ಗುರುವಾರ ಸಂಜೆ ಐವರು. ಮೆಟ್ಟಿಲಿನ ಹಾಗೆ ಏರುತ್ತಿದೆ, ಮೆಟ್ಟಿಲುಗಳ ನಡುವೆ ಒಂದೂವರೆ ದಿನದ ಅಂತರ. ಇದು ಒಬ್ಬರಿಂದ ಒಬ್ಬರಿಗೆ ದಾಟುತ್ತಿರುವ ಕಾಯಿಲೆ. ಬದಲಿಗೆ ಅದೇ ಒಂಬತ್ತು ಜನಕ್ಕೂ ಮಂಗಳವಾರ ರಾತ್ರಿಯಿಂದ ಬುಧವಾರ ಮಧ್ಯಾಹ್ನದೊಳಗೆ ಶುರುವಾಗಿದ್ದರೆ ಗುಡ್ಡದ ಹಾಗೆ ಒಂದೇ ಏರು ಬರುತ್ತಿತ್ತು. ಆಗ ಎಲ್ಲರೂ ಒಟ್ಟಿಗೆ ತಿಂದ-ಕುಡಿದ ಯಾವುದೋ ಒಂದನ್ನು ಹುಡುಕಬೇಕು. ಆಸ್ಪತ್ರೆ ಊಟವೇ ಆಗಬೇಕೆಂದಿಲ್ಲ. ಯಾರದೋ ಮನೆಯ ಗೃಹಪ್ರವೇಶದ ಊಟ ಡಬ್ಬಿಯಲ್ಲಿ ಬಂದು ನಾಲ್ಕು ಬೆಡ್ಡಿಗೆ ಹಂಚಿಕೆಯಾಗಿರುತ್ತದೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಲೆಕ್ಕವನ್ನು ಬರೀ "9 ಕೇಸ್" ಎಂದು ಬರೆಯಬೇಡಿ. ಎಷ್ಟು ಜನರಲ್ಲಿ ಒಂಬತ್ತು? ವಾರ್ಡಿನಲ್ಲಿ 24 ರೋಗಿಗಳಿದ್ದು 6 ಜನಕ್ಕೆ ಆಗಿದ್ದರೆ 25 ಪರ್ಸೆಂಟ್. ಜೊತೆಯವರು 20 ಇದ್ದು 3 ಜನಕ್ಕೆ ಆಗಿದ್ದರೆ 15 ಪರ್ಸೆಂಟ್. ಹೀಗೆ ಬೇರೆ ಬೇರೆ ಬರೆದರೆ ಯಾವ ಗುಂಪಿನಲ್ಲಿ ಜೋರಾಗಿದೆ ಎಂದು ಕಾಣುತ್ತದೆ.

## ಹಂತ 5: ಸ್ಯಾಂಪಲ್

ಲಕ್ಷಣ ಶುರುವಾದ 48ರಿಂದ 72 ಗಂಟೆಯೊಳಗೆ, ಮಲ ಇನ್ನೂ ನೀರಾಗಿರುವಾಗಲೇ ತೆಗೆಯಿರಿ. ಐದಾರು ಜನರದು ಸಾಕು, ಎಲ್ಲರದೂ ಬೇಡ. ಕನಿಷ್ಠ ಇಬ್ಬರಲ್ಲಿ ಆರ್‌ಟಿ-ಪಿಸಿಆರ್ ಪಾಸಿಟಿವ್ ಬಂದರೆ ನೊರೊ ಔಟ್‌ಬ್ರೇಕ್ ದೃಢ ಎನ್ನುವುದು ವಾಡಿಕೆ. ವಾಂತಿಗಿಂತ ಮಲದ ಸ್ಯಾಂಪಲ್ಲೇ ವಾಸಿ. ಏನೂ ಬೆರೆಸದ ಒಣ ಡಬ್ಬಿಯಲ್ಲಿ, ಸಾಧ್ಯವಾದರೆ 10 ಮಿ.ಲೀ.ಗಿಂತ ಕಡಿಮೆಯಿಲ್ಲದಂತೆ ಹಾಕಿ 2ರಿಂದ 8 ಡಿಗ್ರಿಯಲ್ಲಿಡಿ.

ಜೊತೆಗೆ ಇನ್ನೊಂದು ಭಾಗ ಕಾಲರಾ ಮುಂತಾದ ಬ್ಯಾಕ್ಟೀರಿಯಾ ಕಲ್ಚರಿಗೆ, ಕ್ಯಾರಿ-ಬ್ಲೇರ್‌ನಲ್ಲಿ. ಆಂಟಿಬಯಾಟಿಕ್ ಶುರು ಮಾಡುವ ಮುಂಚೆಯೇ ತೆಗೆಯಬೇಕು. ನಮ್ಮಲ್ಲಿ ಕಾಲರಾ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ನೊರೊ ಎಂದು ಕೂರುವುದು ಅಪಾಯ.

ನೊರೊ ಪರೀಕ್ಷೆ ಎಲ್ಲ ಲ್ಯಾಬಿನಲ್ಲೂ ಇಲ್ಲ. ವೈದ್ಯಕೀಯ ಕಾಲೇಜಿನ ವಿಆರ್‌ಡಿಎಲ್ (ವೈರಸ್ ಪರೀಕ್ಷೆಯ) ಲ್ಯಾಬಿಗೆ ಮೊದಲು ಫೋನ್ ಮಾಡಿ, "ನೊರೊ ಮಾಡ್ತೀರಾ? ಇಲ್ಲದಿದ್ದರೆ ಎಲ್ಲಿಗೆ ಕಳಿಸ್ತೀರಿ?" ಎಂದು ಕೇಳಿ. ಗಾಡಿ ಹೊರಟ ಮೇಲೆ ಕೇಳಿದರೆ ಸ್ಯಾಂಪಲ್ ಊರೂರು ಸುತ್ತುತ್ತದೆ.

ಪಿಸಿಆರ್ ಸಿಗದ ಜಾಗದಲ್ಲಿ ಕ್ಯಾಪ್ಲನ್ ಅಳತೆ ಬಳಸಿ. ನಾಲ್ಕು ಪ್ರಶ್ನೆ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ವಾಂತಿ ಇದೆಯಾ? ಸೋಂಕಿನಿಂದ ಲಕ್ಷಣಕ್ಕೆ ಸರಾಸರಿ 24ರಿಂದ 48 ಗಂಟೆಯಾ? ಕಾಯಿಲೆ ಸರಾಸರಿ 12ರಿಂದ 60 ಗಂಟೆ ಇತ್ತಾ? ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಸಿಗಲಿಲ್ಲವಾ? ನಾಲ್ಕಕ್ಕೂ ಹೌದು ಎಂದರೆ ನೊರೊ ಇರುವ ಸಾಧ್ಯತೆ ಬಹಳ ಜಾಸ್ತಿ. ಹೌದು ಬರಲಿಲ್ಲ ಎಂದ ಮಾತ್ರಕ್ಕೆ ನೊರೊ ಅಲ್ಲ ಎನ್ನುವ ಹಾಗಿಲ್ಲ. ಲೈನ್ ಲಿಸ್ಟಿನಲ್ಲಿ ಗಂಟೆ ಸರಿಯಾಗಿ ಬರೆದಿದ್ದರೆ ಮಾತ್ರ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು.

ಮಲದಲ್ಲಿ ರಕ್ತ, ಜೋರು ಜ್ವರ, ಅಕ್ಕಿ ತೊಳೆದ ನೀರಿನಂಥ ಭೇದಿ, ದೊಡ್ಡವರು ಕೆಲವೇ ಗಂಟೆಯಲ್ಲಿ ಪೂರ್ತಿ ಬಸವಳಿಯುವುದು: ಇವುಗಳಲ್ಲಿ ಒಂದು ಕಂಡರೂ ನೊರೊ ಎಂಬ ಲೆಕ್ಕ ಬದಿಗಿಟ್ಟು ತಕ್ಷಣ ಡಾಕ್ಟರನ್ನು ಕರೆಯಿರಿ.

## ಹಂತ 6: ಜಿಲ್ಲೆಗೆ ತಿಳಿಸಿ

ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಅವತ್ತೇ ಫೋನ್ ಮಾಡಿ. ಸರ್ಕಾರಕ್ಕೆ ಕಾಯಿಲೆಗಳ ಮಾಹಿತಿ ಕಳಿಸುವ ಐಎಚ್‌ಐಪಿ ಪೋರ್ಟಲ್ಲಿನಲ್ಲಿ ಡಾಕ್ಟರ್ ತುಂಬುವ ಪಿ ಫಾರಂ ಹೋಗಲಿ, ಲ್ಯಾಬಿನ ಎಲ್ ಫಾರಂ ರಿಪೋರ್ಟ್ ಬಂದಮೇಲೆ ಹೋಗುತ್ತದೆ. ಫಾರಂ ತುಂಬಿದ್ದೇವೆ ಅಂತ ಫೋನ್ ಬಿಡಬೇಡಿ. ಇದು ಹೆಸರು ಕೆಡುವ ವಿಷಯ ಎಂದು ಮುಚ್ಚಿಡುವವರೂ ಇದ್ದಾರೆ. 2021ರ ನವೆಂಬರಿನಲ್ಲಿ ನಮ್ಮ ಗಡಿಯಾಚೆಯ ವಯನಾಡಿನಲ್ಲಿ, ಪೂಕೋಡಿನ ಪಶುವೈದ್ಯಕೀಯ ಕಾಲೇಜಿನ 13 ವಿದ್ಯಾರ್ಥಿಗಳಲ್ಲಿ ನೊರೊ ದೃಢಪಟ್ಟಿತ್ತು. ಹೀಗೆ ತಿಳಿಸಿದರೆ ಪಕ್ಕದ ಜಿಲ್ಲೆಗಳಿಗೂ ಗೊತ್ತಾಗುತ್ತದೆ.

## ಹಂತ 7: ತಡೆಯುವ ಕೆಲಸವನ್ನೂ ಪಟ್ಟಿಯಲ್ಲೇ ಗಮನಿಸಿ

ಇದು ಹಂತ 2ರ ಜೊತೆಗೇ ಶುರುವಾಗಬೇಕು. ಇಲ್ಲಿ ಹೇಳುತ್ತಿರುವುದು, ಅದು ನಿಜವಾಗಿ ನಡೆಯುತ್ತಿದೆಯಾ ಎಂದು ನೋಡುವುದು ಹೇಗೆ ಎಂಬುದನ್ನು.

ಕೈ: ಸ್ಯಾನಿಟೈಸರ್ ನೊರೊಗೆ ಸಾಲದು. ಸೋಪು, ಹರಿಯುವ ನೀರು, ಕನಿಷ್ಠ 20 ಸೆಕೆಂಡ್. ಕೋವಿಡ್ ಆದಮೇಲೆ ಎಲ್ಲರಿಗೂ ಬಾಟಲಿ ಒತ್ತಿ ಉಜ್ಜುವುದೇ ರೂಢಿ. ಹತ್ತು ನಿಮಿಷ ಸುಮ್ನೆ ಸಿಂಕಿನ ಹತ್ತಿರ ನಿಂತು, ಎಷ್ಟು ಜನ ಬಂದರು, ಎಷ್ಟು ಜನ ಸೋಪು ಮುಟ್ಟಿದರು ಎಂದು ಗೆರೆ ಎಳೆಯಿರಿ. ಯಾರ ಹೆಸರೂ ಬೇಡ.

ನೆಲ ಮತ್ತು ಮಂಚ: ಫಿನಾಯಿಲ್ ವಾಸನೆಗೆ ಈ ವೈರಸ್ ಹೆದರುವುದಿಲ್ಲ. ಮೊದಲು ವಾಂತಿಯನ್ನು ಪೇಪರಿನಿಂದ ಮುಚ್ಚಿ ತೆಗೆದು, ಸೋಪಿನ ನೀರಿನಲ್ಲಿ ಒರೆಸಿ, ಆಮೇಲೆ ಹೈಪೋ. ಒರೆಸದೆ ನೇರ ಹೈಪೋ ಸುರಿದರೆ ಗಲೀಜು ಅದನ್ನು ಕುಡಿದುಬಿಡುತ್ತದೆ. ವಾಂತಿ-ಭೇದಿ ಬಿದ್ದ ಜಾಗಕ್ಕೆ 0.5 ಪರ್ಸೆಂಟ್, ಬಾಗಿಲ ಹಿಡಿ, ಮಂಚದ ಕಂಬಿ, ನಲ್ಲಿಗೆ 0.1 ಪರ್ಸೆಂಟ್. ನಿಮ್ಮ ಕ್ಯಾನಿನ ಮೇಲೆ 5 ಪರ್ಸೆಂಟ್ ಎಂದಿದ್ದರೆ ಮೊದಲನೆಯದಕ್ಕೆ 1 ಪಾಲು ಹೈಪೋಗೆ 9 ಪಾಲು ನೀರು, ಎರಡನೆಯದಕ್ಕೆ 1 ಪಾಲಿಗೆ 49 ಪಾಲು. 10 ಪರ್ಸೆಂಟ್ ಕ್ಯಾನಾದರೆ 1ಕ್ಕೆ 19, ಮತ್ತು 1ಕ್ಕೆ 99. ಹಚ್ಚಿ 10 ನಿಮಿಷ ಹಾಗೇ ಬಿಡಿ.

ಬಕೆಟ್ಟಿಗೆ ಒಂದು ಪ್ಲಾಸ್ಟರ್ ಅಂಟಿಸಿ, ಬೆರೆಸಿದ ಗಂಟೆ ಮತ್ತು ಬೆರೆಸಿದವರ ಸಹಿ ಬರೆಸಿ. ಶಿಫ್ಟ್ ಮುಗಿದರೆ ಚೆಲ್ಲಿ ಹೊಸದು ಮಾಡಿ. ಬಿಸಿಲಿಗೆ ಇಟ್ಟ ಕ್ಯಾನಿನಲ್ಲಿ ಬರೀ ವಾಸನೆ ಉಳಿದಿರುತ್ತದೆ, ಶಕ್ತಿ ಇರುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಹೈಪೋ ಬೆರೆಸಲೇಬೇಡಿ. ವಿಷದ ಕ್ಲೋರಿನ್ ಗಾಳಿ ಬರುತ್ತದೆ.

ಓಡಾಟ: ಕಾಯಿಲೆಯಾದವರು ಒಂದು ಕಡೆ, ಅವರಿಗೇ ಬೇರೆ ಟಾಯ್ಲೆಟ್, ಅವರಿಗೇ ಬೇರೆ ಸಿಬ್ಬಂದಿ. ಲಕ್ಷಣ ನಿಂತು 48 ಗಂಟೆ ಆಗುವವರೆಗೆ ಇನ್ನೊಂದು ವಾರ್ಡಿಗೆ ಕಳಿಸಬೇಡಿ. ಸಿಬ್ಬಂದಿಗೂ ಅದೇ 48 ಗಂಟೆ. "ಬೆಡ್ ಇಲ್ಲ, ಇಲ್ಲೇ ಒಬ್ಬರನ್ನು ಹಾಕಿ" ಎಂಬ ಒತ್ತಡ ಬಂದೇ ಬರುತ್ತದೆ. ಆ ಹೊತ್ತಿಗೆ ನಕ್ಷೆ ತೋರಿಸಿ. ನಮ್ಮ ಬಾಯಿ ಮಾತು ಕೇಳದ ಡಾಕ್ಟರೂ ಗುರುತು ತುಂಬಿದ ನಕ್ಷೆ ನೋಡಿ ಸುಮ್ಮನಾಗುತ್ತಾರೆ.

## ಹಂತ 8: ದಿನಕ್ಕೆ ಎರಡು ಸಲ ಎಣಿಕೆ

ಬೆಳಗ್ಗೆ 8, ರಾತ್ರಿ 8. ಎರಡು ಹೊತ್ತೂ ಮಂಚದಿಂದ ಮಂಚಕ್ಕೆ ನಡೆದು ಕೇಳಬೇಕು. ಸ್ಟೇಷನ್ನಿನಲ್ಲಿ ಕೂತು "ಯಾರಿಗಾದ್ರೂ ಹೊಸದಾಗಿ ಆಯ್ತಾ?" ಎಂದು ಕೂಗಿದರೆ ಉತ್ತರ ಬರುವುದಿಲ್ಲ. ಹೊಸಬರು ಎಷ್ಟು, ವಾಸಿಯಾದವರು ಎಷ್ಟು, ಡಿಸ್ಚಾರ್ಜ್ ಆದವರು ಎಷ್ಟು ಎಂದು ಒಂದೇ ಸಾಲಿನಲ್ಲಿ ಬರೆದು ಹ್ಯಾಂಡ್‌ಓವರ್‌ನಲ್ಲಿ ಓದಿ ಹೇಳಿ.

ಕ್ರಮ ಶುರು ಮಾಡಿದ ಮೊದಲ ಎರಡು ದಿನ ಹೊಸ ಕೇಸ್ ಬಂದರೆ ಗಾಬರಿ ಬೇಡ, ಅವರಿಗೆ ಮೊದಲೇ ಅಂಟಿರುತ್ತದೆ. ಮೂರನೇ ದಿನವೂ ಅದೇ ವೇಗದಲ್ಲಿ ಬಂದರೆ ಎಲ್ಲೋ ಸೋರುತ್ತಿದೆ. ನಾನು ಮೊದಲು ನೋಡುವುದು ಹೈಪೋ ಬಕೆಟ್, ಆಮೇಲೆ ರಾತ್ರಿ ಡ್ಯೂಟಿಯ ಆಯಾ ಎಷ್ಟು ವಾರ್ಡ್ ಓಡಾಡುತ್ತಾರೆ ಎಂಬುದು.

ಡಿಸ್ಚಾರ್ಜ್ ಆದವರಿಗೆ ಎರಡು ದಿನ ಬಿಟ್ಟು ಫೋನ್ ಮಾಡಿ. ಮನೆಗೆ ಹೋದಮೇಲೆ ಶುರುವಾದರೂ ಅವರು ನಮ್ಮ ಪಟ್ಟಿಯವರೇ.

## ಹಂತ 9: ಪಟ್ಟಿ ಮುಚ್ಚುವುದು

ಕೊನೆಯವರ ಲಕ್ಷಣ ನಿಂತ ಗಂಟೆಯಿಂದ 96 ಗಂಟೆ, ಎಂದರೆ 48ರ ಎರಡರಷ್ಟು, ಹೊಸಬರು ಯಾರೂ ಇಲ್ಲದಿದ್ದರೆ ಮುಗಿಯಿತು ಎನ್ನುತ್ತೇವೆ. ಮತ್ತೆ ಸ್ಟೂಲ್ ಟೆಸ್ಟ್ ಮಾಡಿ ನೆಗೆಟಿವ್ ಬರಲಿ ಅಂತ ಕಾಯುವುದು ದಂಡ. ವಾಸಿಯಾದವರ ಮಲದಲ್ಲೂ ವಾರಗಟ್ಟಲೆ ಪಾಸಿಟಿವ್ ಬರುತ್ತದೆ.

ವಾರ್ಡ್ ತೆರೆಯುವ ಮುಂಚೆ ಪರದೆ ಇಳಿಸಿ ಒಗೆಯಲು ಹಾಕಿ, ಹಾಸಿಗೆಯ ರೆಕ್ಸಿನ್ ಎರಡೂ ಕಡೆ ಒರೆಸಿ, ಡ್ರಿಪ್ ಸ್ಟ್ಯಾಂಡ್, ವೀಲ್‌ಚೇರ್, ಬಿಪಿ ಕಫ್ ಬಿಡಬೇಡಿ. ತೆರೆದ ಮೇಲೂ ಒಂದು ವಾರ ದಿನಕ್ಕೊಂದು ಸಲ ಎಣಿಕೆ ಇರಲಿ.

ಖಾಲಿ ಲೈನ್ ಲಿಸ್ಟಿನ ಹತ್ತು ಜೆರಾಕ್ಸ್, ಬೆಡ್ ನಕ್ಷೆ, ಫೋನ್ ನಂಬರಿನ ಚೀಟಿ ಸ್ಟೇಷನ್ನಿನ ಡ್ರಾಯರಿನಲ್ಲಿ ಒಂದೇ ಫೈಲಿನಲ್ಲಿರಲಿ. ಹೈಪೋದ ಒಂದು ಕ್ಯಾನ್ ವಾರ್ಡಿನಲ್ಲೇ, ನೆರಳಿನಲ್ಲಿಡಿ. ನಮ್ಮಲ್ಲಿ ಒಂದು ಭಾನುವಾರ ರಾತ್ರಿ ಕ್ಯಾನ್‌ಗಳೆಲ್ಲ ಸ್ಟೋರಿನೊಳಗಿದ್ದವು, ಸ್ಟೋರಿನ ಬೀಗದ ಕೈ ಮದುವೆಗೆ ಹೋದವರ ಜೇಬಿನಲ್ಲಿತ್ತು.